ಟ್ಯೂಷನ್ ಇಲ್ಲದೆ ಮ್ಯಾಟ್ರಿಕ್ಸ್, ಕಾಂಪ್ಲೆಕ್ಸ್ ನಂಬರ್: ಮೇಗರವಳ್ಳಿ ಕಡೆಯ ಒಂದು ಅನುಭವ

ಮೊನ್ನೆ ಸಿಇಟಿ ಬರೆದು ಶಿವಮೊಗ್ಗದಿಂದ ವಾಪಸ್ ಬಂದೆ. ಫಲಿತಾಂಶ ಇನ್ನೂ ಬಂದಿಲ್ಲ. ಹಾಗಾಗಿ ಇದು ರ‍್ಯಾಂಕ್ ತೆಗೆದವರ ಉಪದೇಶ ಅಲ್ಲ. ನಮ್ಮ ಕಡೆ ಈ ವರ್ಷ ಪಿಯುಗೆ ಸೇರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಗಣಿತಕ್ಕೆ ಟ್ಯೂಷನ್ ಇಲ್ದೆ ಆಗ್ತದಾ?" ಎಲ್ಲ ಪಾಠದ ಬಗ್ಗೆ ನಾನು ಹೇಳಲಾರೆ. ಆದರೆ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು), ಡಿಟರ್ಮಿನೆಂಟ್ (ಚೌಕ ಮ್ಯಾಟ್ರಿಕ್ಸಿನಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ), ಕಾಂಪ್ಲೆಕ್ಸ್ ನಂಬರ್ (3 + 2ಐ ಥರದ್ದು), ಇಷ್ಟಕ್ಕೆ ಆಗುತ್ತದೆ. ಕಾರಣ ಸರಳ. ಈ ಪಾಠಗಳಲ್ಲಿ ನಮ್ಮ ಉತ್ತರ ಸರಿಯೋ ತಪ್ಪೋ ಅಂತ ನಾವೇ ನೋಡಿಕೊಳ್ಳಬಹುದು. ಮೇಷ್ಟ್ರಿಗೆ ತೋರಿಸಬೇಕಿಲ್ಲ, ಪುಸ್ತಕದ ಹಿಂದಿನ ಉತ್ತರವೂ ಬೇಕಿಲ್ಲ. ಇದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು. ನಿಮಗೆ ಮೊದಲ ತಿಂಗಳಲ್ಲೇ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಮೇಗರವಳ್ಳಿಯಿಂದ ಒಳಗೆ. ಕಾಲೇಜು ತೀರ್ಥಹಳ್ಳಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಟ್ಯೂಷನ್ ಶುರುವಾಗುವುದೇ ಕಾಲೇಜು ಬಿಟ್ಟ ಮೇಲೆ. ಅದು ಮುಗಿಯುವ ಹೊತ್ತಿಗೆ ನಮ್ಮೂರಿನ ಕೊನೆ ಬಸ್ಸು ಹೋಗಿರುತ್ತದೆ. ಅಂದರೆ ಟ್ಯೂಷನ್ ಫೀಸಿನ ಜೊತೆ ಪೇಟೆಯಲ್ಲಿ ರೂಮ್ ಬಾಡಿಗೆ, ಊಟದ ಖರ್ಚು ಎಲ್ಲ ಸೇರುತ್ತದೆ. ಆ ವರ್ಷ ತೋಟಕ್ಕೆ ಕೊಳೆ ರೋಗ ಬಂದು ಹಸಿ ಅಡಿಕೆ ಉದುರಿ ಬಿದ್ದಿತ್ತು. ಅಪ್ಪಯ್ಯ ಬೇಡ ಅನ್ನಲಿಲ್ಲ. "ಬೇಕೇ ಬೇಕು ಅಂದ್ರೆ ಹೇಳು, ಎಂಥಾದ್ರೂ ಮಾಡುವ" ಅಂದರು. ಹಾಗೆ ಹೇಳಿದ ಮೇಲೆ ಬೇಕು ಅನ್ನಲು ಬಾಯಿ ಬರಲಿಲ್ಲ. ಆನ್‌ಲೈನ್ ಕ್ಲಾಸ್ ನೋಡು ಅಂತ ಹೇಳುವವರು ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಒಮ್ಮೆ ಬರಬೇಕು. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ.

ಕಾಂಪ್ಲೆಕ್ಸ್ ನಂಬರ್ ಫಸ್ಟ್ ಪಿಯುಸಿಯ ಪಾಠ. ನಮಗೆ ಅದು ಸರಿಯಾಗಿ ಮಳೆಗಾಲದಲ್ಲೇ ಬಂತು. ಪಾಠ ಶುರುವಾಯಿತು, ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟರು, ಮತ್ತೆ ಕಾಲೇಜಿಗೆ ಹೋದಾಗ ಬೋರ್ಡಿನ ಮೇಲೆ ಎಲ್ಲರಿಗೂ ಗೊತ್ತಿರುವವರ ಹಾಗೆ 'ಐ' ಕೂತಿತ್ತು. ಅದರ ವರ್ಗ −1 ಅಂತೆ. ಹತ್ತು ವರ್ಷ "ಋಣ ಸಂಖ್ಯೆಗೆ ವರ್ಗಮೂಲ ಇಲ್ಲ" ಅಂತ ಕಲಿಸಿ ಈಗ ಇದೆ ಅಂದರೆ ಹೇಗೆ? ಆಮೇಲೆ ಗೊತ್ತಾಯಿತು, ಈ ಅನುಮಾನ ಬಹಳ ಹಳೆಯದು. 9ನೇ ಶತಮಾನದಲ್ಲಿ ನಮ್ಮದೇ ನಾಡಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಬರೆದಿದ್ದಾರೆ. ನಾವು ನೋಡುವ ಸಾಮಾನ್ಯ ಸಂಖ್ಯೆಗಳ ಮಟ್ಟಿಗೆ ಅವರ ಮಾತು ಇವತ್ತಿಗೂ ನಿಜ. ಐ ಆ ಸಾಲಿನ ಮೇಲೆ ಇಲ್ಲ, ಆ ಸಾಲಿನಿಂದ ಹೊರಗೆ, ಅದಕ್ಕೆ ಲಂಬವಾಗಿ ಇದೆ. ಒಂದು ಸಂಖ್ಯೆಯನ್ನು ಐನಿಂದ ಗುಣಿಸಿದರೆ ಅದು 90 ಡಿಗ್ರಿ ತಿರುಗುತ್ತದೆ. ಎರಡು ಸಲ ಗುಣಿಸಿದರೆ 180 ಡಿಗ್ರಿ, ಅಂದರೆ ಮೈನಸ್ ಕಡೆಗೆ ಮುಖ. ಈ ಚಿತ್ರ ತಲೆಯಲ್ಲಿ ಕೂತ ಮೇಲೆ ನನಗೆ ಐ ಜೊತೆ ಜಗಳ ಇರಲಿಲ್ಲ.

ಘಾತಗಳು ಇದರಿಂದಲೇ ಬರುತ್ತವೆ. ನಾಲ್ಕು ಸಲ ತಿರುಗಿದರೆ ಹೊರಟ ಜಾಗ. ಐನ 99ನೇ ಘಾತ ಎಷ್ಟು ಅಂತ ಕೇಳಿದರೆ 99ನ್ನು 4ರಿಂದ ಭಾಗಿಸಿ ಶೇಷ ನೋಡಿ. ಶೇಷ 3, ಉತ್ತರ −ಐ. ಒಂದು ಅಂಕದ ಪ್ರಶ್ನೆ, ಸುಮ್ನೆ ಬಿಡಬೇಡಿ.

ಇಲ್ಲಿ ಒಂದು ಗುಂಡಿ ಇದೆ. √−4 ಮತ್ತು √−9 ಗುಣಿಸಿ ಅಂದರೆ ಕೈ ತಾನಾಗಿಯೇ √36 = 6 ಅಂತ ಬರೆಯುತ್ತದೆ. ಸರಿ ಉತ್ತರ −6. ಮೊದಲು 2ಐ, 3ಐ ಅಂತ ಬರೆದುಕೊಂಡು ಆಮೇಲೆ ಗುಣಿಸಬೇಕು. ಎರಡು ಮೂಲಗಳನ್ನು ಒಂದೇ ಚಿಹ್ನೆಯೊಳಗೆ ಹಾಕುವ ನಿಯಮ ಎರಡೂ ಋಣ ಸಂಖ್ಯೆ ಆದಾಗ ನಡೆಯುವುದಿಲ್ಲ.

ಭಾಗಾಕಾರ ಅಂದರೆ ಕೆಳಗಿನದರ ಕಾಂಜುಗೇಟಿನಿಂದ (ಐ ಇರುವ ಭಾಗದ ಚಿಹ್ನೆ ಬದಲಿಸಿದ್ದು) ಮೇಲೆ ಕೆಳಗೆ ಗುಣಿಸುವುದು. (3 + 2ಐ) ÷ (4 − 3ಐ) ತಗೊಳ್ಳಿ. ಮೇಲೆ ಕೆಳಗೆ 4 + 3ಐ ಇಂದ ಗುಣಿಸಿದರೆ ಕೆಳಗೆ 16 + 9 = 25. ಮೇಲೆ 12 + 9ಐ + 8ಐ + 6ಐ², ಅಂದರೆ 6 + 17ಐ. ಉತ್ತರ (6 + 17ಐ)/25. ಸರಿಯೇ? ಇದನ್ನು 4 − 3ಐ ಇಂದ ಗುಣಿಸಿ ನೋಡಿ. (75 + 50ಐ)/25, ಅಂದರೆ 3 + 2ಐ. ಹೊರಟಲ್ಲಿಗೇ ಬಂದೆವು. ಇಷ್ಟು ಬರೆಯಲು ಪುರಸೊತ್ತಿಲ್ಲದಿದ್ದರೆ ಮಾಡ್ಯುಲಸ್ (ಎರಡೂ ಭಾಗದ ಸಂಖ್ಯೆಗಳ ವರ್ಗ ಕೂಡಿ ತೆಗೆದ ವರ್ಗಮೂಲ) ಸಾಕು. ಮೇಲಿನದರ ಮಾಡ್ಯುಲಸ್ √13, ಕೆಳಗಿನದು 5. ಉತ್ತರದ ಮಾಡ್ಯುಲಸ್ √13/5 ಆಗಲೇಬೇಕು. 36 + 289 = 325, ಅದರ ಮೂಲ 5√13, ಭಾಗಿಸು 25. ಬಂತಲ್ಲ. ಒಂದು ಮಾತು ನೆನಪಿರಲಿ: ಮಾಡ್ಯುಲಸ್ ತಾಳೆ ಆದರೂ ಚಿಹ್ನೆ ತಪ್ಪಿರಬಹುದು. 6 − 17ಐ ಬರೆದಿದ್ದರೂ ಮಾಡ್ಯುಲಸ್ ಅಷ್ಟೇ ಬರುತ್ತಿತ್ತು. ಪೂರ್ತಿ ನಂಬಿಕೆ ಬೇಕಾದರೆ ಮೊದಲಿನ ದಾರಿಯೇ ಸರಿ.

ಲೆಕ್ಕ ಸಾಲದೇ ಹೋದರೆ? ನೀವೇ ಮಾಡಿಕೊಳ್ಳಿ. ಎರಡು ಕಾಂಪ್ಲೆಕ್ಸ್ ನಂಬರ್ ಗುಣಿಸಿ, ಗುಣಲಬ್ಧ ಬರೆದಿಟ್ಟು, ಮರುದಿನ ಅದನ್ನು ಒಂದರಿಂದ ಭಾಗಿಸಿ. ಇನ್ನೊಂದು ಬರಬೇಕು. ಬಸ್ಸಿಗೆ ಕಾಯುತ್ತಾ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ನಮ್ಮ ಕಡೆ ಬಸ್ಸಿಗೆ ಕಾಯುವುದಂತೂ ಧಾರಾಳ ಇದೆ.

ಇನ್ನು ಪುಸ್ತಕದ ತೊಂದರೆ. ಹಿರಿಯ ವಿದ್ಯಾರ್ಥಿಯೊಬ್ಬರಿಂದ ಹಳೆ ಗೈಡ್ ಅರ್ಧ ಬೆಲೆಗೆ ಸಿಕ್ಕಿತು. ಅದರಲ್ಲಿ ಕಾಂಪ್ಲೆಕ್ಸ್ ನಂಬರಿನ ಪೋಲಾರ್ ರೂಪ ಪುಟಗಟ್ಟಲೆ ಇತ್ತು. ಸೆಕೆಂಡ್ ಪಿಯುಸಿ ಭಾಗದಲ್ಲಿ ಸಾಲುಗಳನ್ನು ಬದಲಿಸುತ್ತಾ ಇನ್ವರ್ಸ್ ತೆಗೆಯುವ ಕ್ರಮ ಇತ್ತು, ಡಿಟರ್ಮಿನೆಂಟಿನ ಗುಣಗಳು ಇದ್ದವು. ಅಮಾವಾಸ್ಯೆ ಕತ್ತಲಲ್ಲಿ ಚಾರ್ಜರ್ ಲೈಟ್ ಹಾಕಿಕೊಂಡು ಅದನ್ನೆಲ್ಲ ಮಾಡಿದೆ. ಆಮೇಲೆ ನೋಡಿದರೆ ಎನ್‌ಸಿಇಆರ್‌ಟಿ ಪಠ್ಯ ಕಡಿತಗೊಂಡಾಗ ಈ ಮೂರೂ ಹೋಗಿವೆ. ನಮ್ಮ ಪಿಯು ಗಣಿತಕ್ಕೆ ಅದೇ ಪುಸ್ತಕ. ಹಾಗಾಗಿ ಹಳೆ ಗೈಡ್ ಕೊಳ್ಳಿ, ತೊಂದರೆ ಇಲ್ಲ. ಆದರೆ ಮೊದಲು ಹೊಸ ಪಠ್ಯಪುಸ್ತಕದ ಪರಿವಿಡಿ ಪಕ್ಕದಲ್ಲಿಟ್ಟು ಇಲ್ಲದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ. ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಸ್ತಕ ಪುಕ್ಕಟೆ ಸಿಗುತ್ತದೆ. ಪೇಟೆಗೆ ಹೋದಾಗ ಇಳಿಸಿಕೊಂಡು ಬಂದರೆ ಆಯಿತು.

ಕಡಿತ ಅಂದರೆ ಪರೀಕ್ಷೆಗೆ ಬರುವುದೇ ಇಲ್ಲ ಅಂತಲ್ಲ ಅನ್ನುವವರೂ ಇದ್ದಾರೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ರಾಜ್ಯವೆಲ್ಲ ಗಲಾಟೆ ಆಗಿತ್ತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಆ ಹೆದರಿಕೆಗೆ ಬಿಟ್ಟದ್ದನ್ನೆಲ್ಲ ಓದುತ್ತಾ ಕೂರಬೇಡಿ ಅಂತಲೇ ನಾನು ಹೇಳುವುದು. ಇರುವುದನ್ನೇ ತಪ್ಪಿಲ್ಲದೆ ಮಾಡುವುದು ಕಷ್ಟ ಇದೆ.

ಸೆಕೆಂಡ್ ಪಿಯುಸಿಗೆ ಬಂದಾಗ ಮ್ಯಾಟ್ರಿಕ್ಸ್. ಕೂಡುವುದು ಕಳೆಯುವುದು ಮಕ್ಕಳ ಆಟ. ಗುಣಾಕಾರದಲ್ಲಿ ಮಾತ್ರ ಎಡಗೈ ಬೆರಳು ಸಾಲಿನ ಮೇಲೆ, ಬಲಗೈ ಬೆರಳು ಕಂಬದ ಮೇಲೆ ಓಡಬೇಕು. ಎಬಿ ಮತ್ತು ಬಿಎ ಬೇರೆ ಬೇರೆ ಅನ್ನುವುದು ಮೊದಮೊದಲು ವಿಚಿತ್ರ ಅನ್ನಿಸಿತು. ಅಮ್ಮನಿಗೆ ಹೇಳಿದೆ. "ಅದರಲ್ಲಿ ಎಂಥ ವಿಚಿತ್ರ? ಅಡಿಕೆ ಸುಲಿದು ಬೇಯಿಸೂದೂ, ಬೇಯಿಸಿ ಸುಲಿಯೂದೂ ಒಂದೇ ಆಗ್ತದಾ?" ಅಂದರು. ನಮ್ಮ ತರಗತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಗುಣಾಕಾರಕ್ಕೆ ಒಂದು ತಾಳೆ ಇದೆ. ನಮ್ಮ ಲೆಕ್ಚರರ್ ಕಾರಿಡಾರಿನಲ್ಲಿ ನಿಂತೇ ಹೇಳಿಕೊಟ್ಟದ್ದು. ಎ ಮ್ಯಾಟ್ರಿಕ್ಸಿನ ಸಾಲುಗಳು 2, −1 ಮತ್ತು 3, 4. ಬಿ ಮ್ಯಾಟ್ರಿಕ್ಸಿನ ಸಾಲುಗಳು 1, 5 ಮತ್ತು −2, 3. ಗುಣಿಸಿದರೆ ಎಬಿಯ ಸಾಲುಗಳು 4, 7 ಮತ್ತು −5, 27. ಈಗ ಬಿಯ ಪ್ರತಿ ಸಾಲನ್ನು ಕೂಡಿ. 6 ಮತ್ತು 1. ಇವನ್ನು ಒಂದು ಕಂಬ ಅಂದುಕೊಂಡು ಎಯಿಂದ ಗುಣಿಸಿ. 12 − 1 = 11, 18 + 4 = 22. ಎಬಿಯ ಸಾಲುಗಳನ್ನು ಕೂಡಿದರೆ 4 + 7 = 11, −5 + 27 = 22. ತಾಳೆ ಆಯಿತು. ಡಿಟರ್ಮಿನೆಂಟ್ ಕಲಿತ ಮೇಲೆ ಇನ್ನೊಂದು ತಾಳೆ ಸಿಗುತ್ತದೆ. ಎರಡು ಸಾಲಿನ ಮ್ಯಾಟ್ರಿಕ್ಸಿಗೆ ಅದು, ಮೇಲಿನ ಎಡದಿಂದ ಇಳಿಯುವ ಕರ್ಣದ ಗುಣಲಬ್ಧದಿಂದ ಇನ್ನೊಂದು ಕರ್ಣದ ಗುಣಲಬ್ಧ ಕಳೆದದ್ದು. ಎಯದ್ದು 11, ಬಿಯದ್ದು 13, ಎಬಿಯದ್ದು 143 ಆಗಬೇಕು. 108 + 35 = 143. ತಮಾಷೆ ನೋಡಿ, ಬಿಎ ಮಾಡಿದರೆ ಸಾಲುಗಳು 17, 19 ಮತ್ತು 5, 14. ಮ್ಯಾಟ್ರಿಕ್ಸ್ ಪೂರ್ತಿ ಬೇರೆ. ಡಿಟರ್ಮಿನೆಂಟ್ ಮಾತ್ರ ಮತ್ತೆ 143.

ನಿಜವಾದ ಗೋಳು ಇರುವುದು ಮೂರು ಸಮೀಕರಣವನ್ನು ಮ್ಯಾಟ್ರಿಕ್ಸಿನಿಂದ ಬಿಡಿಸುವ ಲೆಕ್ಕದಲ್ಲಿ. ಐದು ಅಂಕದ ಪ್ರಶ್ನೆ, ಪ್ರತಿ ಸಲ ಬರುವಂಥದ್ದು. ಯಾರೂ ಬಿಡುವುದಿಲ್ಲ, ಆದರೆ ಎಲ್ಲರೂ ಎಲ್ಲೋ ಒಂದು ಮೈನಸ್ ಕಳೆದುಕೊಳ್ಳುತ್ತಾರೆ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಒಂಬತ್ತು ಕೋಫ್ಯಾಕ್ಟರ್ (ಒಂದು ಸಂಖ್ಯೆಯ ಸಾಲು, ಕಂಬ ಬಿಟ್ಟು ಉಳಿದದ್ದರ ಡಿಟರ್ಮಿನೆಂಟ್, ಜಾಗಕ್ಕೆ ತಕ್ಕ ಚಿಹ್ನೆ ಸಮೇತ), ಪ್ರತಿಯೊಂದಕ್ಕೆ ಎರಡು ಗುಣಾಕಾರ, ಒಂದು ವ್ಯವಕಲನ, ಒಂದು ಚಿಹ್ನೆ. ಎಲ್ಲಾದರೂ ಜಾರಿದರೆ ಮುಂದಿನದ್ದೆಲ್ಲ ಹಾಳು. ತರಗತಿಯಲ್ಲಿ ಗೆಳೆಯರ ಉತ್ತರ ಹಿಡಿದುಕೊಂಡು ನೋಡಿದರೆ ಒಬ್ಬೊಬ್ಬರದ್ದು ಒಂದೊಂದು.

ನಾನು ಮಾಡಿದ್ದು ಇಷ್ಟು. ಮೊದಲು ಉತ್ತರ ಇಟ್ಟುಕೊಂಡು ಲೆಕ್ಕ ಹುಟ್ಟಿಸುವುದು. ಎಕ್ಸ್ 1, ವೈ 2, ಝಡ್ 3 ಅಂತ ನಿಶ್ಚಯ ಮಾಡಿಕೊಂಡು ಬಾಯಿಗೆ ಬಂದ ಸಂಖ್ಯೆ ಹಾಕಿದೆ:

2ಎಕ್ಸ್ + ವೈ − ಝಡ್ = 1
ಎಕ್ಸ್ − ವೈ + 2ಝಡ್ = 5
3ಎಕ್ಸ್ + 2ವೈ + ಝಡ್ = 10

ಎಕ್ಸ್, ವೈ, ಝಡ್ ಮುಂದಿನ ಸಂಖ್ಯೆಗಳ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ −10. ಸೊನ್ನೆ ಬಂದರೆ ಆ ಲೆಕ್ಕ ಎಸೆದು ಬೇರೆ ಮಾಡಿಕೊಳ್ಳಿ. ಕೋಫ್ಯಾಕ್ಟರುಗಳು ಸಾಲಿನ ಪ್ರಕಾರ: −5, 5, 5, ಆಮೇಲೆ −3, 5, −1, ಕೊನೆಗೆ 1, −5, −3. ಇಲ್ಲಿ ನಿಲ್ಲಿ. ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ. ಒಂದು ಸಾಲನ್ನು ಅದರದ್ದೇ ಕೋಫ್ಯಾಕ್ಟರುಗಳಿಂದ ಗುಣಿಸಿ ಕೂಡಿದರೆ ಡಿಟರ್ಮಿನೆಂಟ್ ಬರಬೇಕು. ಬೇರೆ ಸಾಲಿನ ಕೋಫ್ಯಾಕ್ಟರುಗಳಿಂದ ಗುಣಿಸಿದರೆ ಸೊನ್ನೆ ಬರಬೇಕು. ಮೊದಲ ಸಾಲು 2, 1, −1 ಅಲ್ವಾ? ಎರಡನೇ ಸಾಲಿನ ಕೋಫ್ಯಾಕ್ಟರ್ ಜೊತೆ: −6 + 5 + 1 = 0. ಮೂರನೆಯದರ ಜೊತೆ: 2 − 5 + 3 = 0. ಮೊದಲ ಸಾಲಿನ ಕೋಫ್ಯಾಕ್ಟರುಗಳನ್ನು ಎರಡನೇ ಸಾಲಿನ ಜೊತೆ: −5 − 5 + 10 = 0. ಪಠ್ಯಪುಸ್ತಕದಲ್ಲಿ ಈ ನಿಯಮ ಇದೆ, ಬಹಳ ಜನ ಬಾಯಿಪಾಠ ಮಾಡುತ್ತಾರೆ, ತಮ್ಮ ಲೆಕ್ಕ ನೋಡಲು ಮಾತ್ರ ಬಳಸುವುದಿಲ್ಲ. ಇದನ್ನು ಮಾಡಲು ಶುರುಮಾಡಿದ ಮೇಲೆ ನನ್ನ ಮೈನಸ್ಸುಗಳು ಅರ್ಧ ದಾರಿಯಲ್ಲೇ ಸಿಕ್ಕಿಬೀಳತೊಡಗಿದವು.

ಅದಾದ ಮೇಲೆ ಕೋಫ್ಯಾಕ್ಟರಿನ ಸಾಲುಗಳನ್ನು ಕಂಬ ಮಾಡಿ ಅಡ್ಜಾಯಿಂಟ್ ಬರೆಯಬೇಕು. ಅವಸರದಲ್ಲಿ ಈ ಹೆಜ್ಜೆ ಹಾರಿಹೋಗುವುದು ಜಾಸ್ತಿ. ಕೊನೆಗೆ ಎಕ್ಸ್ = (−5 − 15 + 10)/−10 = 1, ಹಾಗೆಯೇ ವೈ 2, ಝಡ್ 3. ಸಿಕ್ಕಿದ ಉತ್ತರವನ್ನು ಮೂರು ಸಮೀಕರಣಕ್ಕೂ ಹಾಕಿ. ಒಂದಕ್ಕೆ ಹಾಕಿ ಬಿಟ್ಟರೆ ತಪ್ಪು ಉತ್ತರವೂ ನುಸುಳಿಕೊಂಡು ಹೋಗುತ್ತದೆ.

ಖರ್ಚಿಲ್ಲದ ಒಂದು ಉಪಾಯ: ಈ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಮಾಡಿ. ಹಳೆ ಕ್ಯಾಲೆಂಡರಿನ ಹಿಂಬದಿ ನನಗೆ ಬಹಳ ಉಪಕಾರ ಮಾಡಿತು. ಸಣ್ಣ ನೋಟ್‌ಬುಕ್ಕಿನಲ್ಲಿ ಇರುಕಿಸಿ ಬರೆದಾಗಲೇ ಮೈನಸ್ಸು ಕಾಣೆಯಾಗುವುದು. ಕೊಯ್ಲಿನ ಸಮಯದಲ್ಲಿ ರಾತ್ರಿ ಚಪ್ಪರದಲ್ಲಿ ಅಡಿಕೆ ಸುಲಿಯಲು ಎಲ್ಲರೂ ಕೂರುತ್ತಾರೆ. ಅಲ್ಲಿ ಓದಲು ಆಗುವುದಿಲ್ಲ, ಕೈಯಲ್ಲಿ ಮೆಟ್ಟುಗತ್ತಿ ಕೆಲಸ. ಆದರೆ ಎರಡು ಸಾಲಿನ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ ಬಾಯಲ್ಲೇ ಮಾಡಬಹುದು. ಸುಲಿಯಲು ಬರುವ ಅಕ್ಕ ಒಬ್ಬರು "ಎಂಥ ಮಾರಾಯ್ತಿ, ಮಂತ್ರ ಹೇಳ್ತಿದೀಯಾ?" ಅಂತ ಕೇಳಿದರು. ಆ ಹದಿನೈದು ದಿನದಲ್ಲಿ ಪುಸ್ತಕ ಮುಟ್ಟಲಾಗದೆ ಅಳುವೂ ಬಂದಿತ್ತು. ಪಿಯು ಓದುವವರು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಪರೀಕ್ಷೆ ಹತ್ತಿರ ಬಂದಾಗಲೇ ಅಡಿಕೆಯೂ ಬರುವುದು.

ಇನ್ನೊಂದು ಖಾಯಂ ಪ್ರಶ್ನೆ: ಎ ಕೊಟ್ಟು, ಎ² − 5ಎ + 7ಐಡೆಂಟಿಟಿ ಸೊನ್ನೆ ಅಂತ ತೋರಿಸಿ, ಅದರಿಂದ ಇನ್ವರ್ಸ್ ತೆಗೆಯಿರಿ ಅನ್ನುವುದು. ಐಡೆಂಟಿಟಿ ಅಂದರೆ ಕರ್ಣದಲ್ಲಿ 1, ಉಳಿದ ಕಡೆ 0 ಇರುವ ಮ್ಯಾಟ್ರಿಕ್ಸ್; ಎಯನ್ನು ಅದರ ಇನ್ವರ್ಸಿನಿಂದ ಗುಣಿಸಿದರೆ ಅದೇ ಬರುತ್ತದೆ. ಎ ಸಾಲುಗಳು 3, 1 ಮತ್ತು −1, 2. ಈ 5 ಮತ್ತು 7 ಎಲ್ಲಿಂದ ಬಂದವು ಅಂತ ಬಹಳ ದಿನ ಗೊತ್ತಿರಲಿಲ್ಲ. ಕರ್ಣದ ಎರಡು ಸಂಖ್ಯೆ ಕೂಡಿ: 3 + 2 = 5. ಡಿಟರ್ಮಿನೆಂಟ್: 6 + 1 = 7. ಅಷ್ಟೇ. ಎರಡು ಸಾಲಿನ ಎಲ್ಲ ಚೌಕ ಮ್ಯಾಟ್ರಿಕ್ಸಿಗೂ ಇದು ಹೀಗೆಯೇ. ಕೇಲಿ ಅನ್ನುವ ಇಂಗ್ಲಿಷ್ ಗಣಿತಜ್ಞ 1858ರಲ್ಲಿ ಇದನ್ನು ಬರೆದ. ಈಗ ಅದಕ್ಕೆ ಕೇಲಿ-ಹ್ಯಾಮಿಲ್ಟನ್ ಪ್ರಮೇಯ ಅನ್ನುತ್ತಾರೆ. ಪರೀಕ್ಷೆಯಲ್ಲಿ ಎ² ಮಾಡಿಯೇ ತೋರಿಸಬೇಕು, ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಮುಂದೆ ಏನು ಬರಬೇಕು ಅಂತ ಗೊತ್ತಿದ್ದರೆ ಕೈ ನಡುಗುವುದಿಲ್ಲ. ಇನ್ವರ್ಸ್ ಅಂದರೆ 5ಐಡೆಂಟಿಟಿಯಿಂದ ಎ ಕಳೆದು 7ರಿಂದ ಭಾಗಿಸುವುದು. ಸಾಲುಗಳು 2, −1 ಮತ್ತು 1, 3, ಎಲ್ಲ 7ರಿಂದ ಭಾಗಿಸಿದ್ದು.

ಎರಡು ಪಾಠ ಒಂದೇ ಕಡೆ ಸೇರುವುದನ್ನು ನೋಡಿದ್ದು ಪರೀಕ್ಷೆ ಹತ್ತಿರ ಬಂದಾಗ. 2 + 3ಐ ಬದಲು 2, −3 ಮತ್ತು 3, 2 ಸಾಲುಗಳ ಮ್ಯಾಟ್ರಿಕ್ಸ್ ಬರೆಯಿರಿ. 1 − ಐ ಬದಲು 1, 1 ಮತ್ತು −1, 1. ಗುಣಿಸಿದರೆ 5, −1 ಮತ್ತು 1, 5. ಅಂದರೆ 5 + ಐ. ಕಾಂಪ್ಲೆಕ್ಸ್ ನಂಬರುಗಳನ್ನು ನೇರವಾಗಿ ಗುಣಿಸಿದರೂ 5 + ಐ. ಐ ಬದಲು ಬರುವ ಮ್ಯಾಟ್ರಿಕ್ಸಿನ ಸಾಲುಗಳು 0, −1 ಮತ್ತು 1, 0. ಅದರ ವರ್ಗ ಮಾಡಿ ನೋಡಿ, ಐಡೆಂಟಿಟಿಗೆ ಮೈನಸ್ ಹಾಕಿದ್ದು ಬರುತ್ತದೆ. ಫಸ್ಟ್ ಪಿಯುಸಿಯಲ್ಲಿ ಕಾಲ್ಪನಿಕ ಅಂತ ಹೆದರಿಸಿದ್ದು ಇಲ್ಲಿ ನಾಲ್ಕು ಸಾಮಾನ್ಯ ಸಂಖ್ಯೆಗಳಾಗಿ ಕೂತಿತ್ತು. ಡಿಟರ್ಮಿನೆಂಟ್ ತೆಗೆದರೆ ಮಾಡ್ಯುಲಸ್ಸಿನ ವರ್ಗ. ಇದಕ್ಕೆ ಅಂಕ ಇಲ್ಲ, ಪಠ್ಯದಲ್ಲೂ ಇಲ್ಲ. ನನಗೆ ಎರಡು ವರ್ಷದ ಗಣಿತದಲ್ಲಿ ಅತಿ ಖುಷಿ ಕೊಟ್ಟದ್ದು ಇದೇ.

ಬೋರ್ಡ್ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಕಾಲೇಜಿನ ಆಂತರಿಕ ಅಂಕ. ಐದು ಅಂಕದ ಲೆಕ್ಕದಲ್ಲಿ ಹೆಜ್ಜೆಗೂ ಅಂಕ ಇದೆ. ಡಿಟರ್ಮಿನೆಂಟ್, ಕೋಫ್ಯಾಕ್ಟರ್, ಅಡ್ಜಾಯಿಂಟ್ ಬೇರೆ ಬೇರೆ ಸಾಲಿನಲ್ಲಿ ಕಾಣುವ ಹಾಗೆ ಬರೆಯಿರಿ. ತಾಳೆ ನೋಡುವ ಕೆಲಸ ಪುಟದ ಬಲಗಡೆ ರಫ್ ಭಾಗದಲ್ಲಿ. ಸಿಇಟಿ ಬೇರೆ ಜಾತಿ. 60 ಪ್ರಶ್ನೆ, 80 ನಿಮಿಷ. ಅಲ್ಲಿ ಕೋಫ್ಯಾಕ್ಟರ್ ತೆಗೆಯುತ್ತಾ ಕೂರಬೇಡಿ. ಆಯ್ಕೆಗಳನ್ನೇ ಸಮೀಕರಣಕ್ಕೆ ಹಾಕಿ, ಭಾಗಾಕಾರ ಬಂದರೆ ಮಾಡ್ಯುಲಸ್ ನೋಡಿ ಹೊಂದದ್ದನ್ನು ಹೊಡೆದು ಹಾಕಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ಅರ್ಜಿಯ ವಿಷಯ ಒಂದು ಮಾತು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಬೇಕಾದವರಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣ ಪತ್ರ ಬೇಕು, ಮುಖ್ಯ ಶಿಕ್ಷಕರ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ನಾನು ಓದಿದ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಅದರ ದಾಖಲೆ ಪುಸ್ತಕ ಯಾವ ಶಾಲೆಗೆ ಹೋಗಿದೆ ಅಂತ ಹುಡುಕುವುದರಲ್ಲೇ ಅರ್ಧ ಜೀವ ಹೋಯಿತು. ಪರೀಕ್ಷೆಗೆ ಓದುವ ದಿನಗಳು ಆ ಅಲೆದಾಟಕ್ಕೆ ಸೇರಿದವು. ಮಲೆನಾಡಿನಲ್ಲಿ ಇಂಥ ಮುಚ್ಚಿದ ಶಾಲೆ ಬೇಕಾದಷ್ಟಿವೆ. ದಸರಾ ರಜೆಗೆ ಮೊದಲೇ ಈ ಕೆಲಸ ಮುಗಿಸಿ, ಜಾತಿ-ಆದಾಯ ಪತ್ರವನ್ನೂ ನಾಡಕಚೇರಿಯಲ್ಲಿ ಆಗಲೇ ಮಾಡಿಸಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಕೇಳಿದರೆ, ಗಣಿತಕ್ಕೆ ಅಂತ ಹೋದದ್ದು ಹಳೆ ಗೈಡು, ಪಠ್ಯಪುಸ್ತಕ, ಮಾದರಿ ಪ್ರಶ್ನೆ ಪತ್ರಿಕೆಗಳ ಜೆರಾಕ್ಸ್, ಪೆನ್ನು. ಇದೆಲ್ಲ ಸೇರಿಸಿದರೂ, ಸಿಇಟಿಗೆ ಅಪ್ಪಯ್ಯನ ಜೊತೆ ಶಿವಮೊಗ್ಗಕ್ಕೆ ಹೋಗಿ ಬಂದು, ಹಿಂದಿನ ರಾತ್ರಿ ಲಾಡ್ಜಿನಲ್ಲಿ ಉಳಿದ ಖರ್ಚೇ ಅದಕ್ಕಿಂತ ಜಾಸ್ತಿ ಬಂತು.